ಬೀದರಿನ ಹಳೇ ಊರಿನಲ್ಲಿ ಪರಂಪರೆ ನಡಿಗೆ: ಏರ್ಪಡಿಸುವವರಿಗೆ ಕೈಪಿಡಿ

ಹೊರಗಿನಿಂದ ಬರುವ ಪ್ರವಾಸಿಗಳಿಗೆ ಬೀದರಿನ ಕೋಟೆ ತೋರಿಸಲು ಜನ ಇದ್ದಾರೆ, ಫಲಕಗಳಿವೆ, ಬಸ್ಸುಗಳಿವೆ. ಊರ ನಡುವಿನ ಚೌಬಾರಾ ಗೋಪುರದ ಸುತ್ತಲಿನ ಓಣಿಗಳಲ್ಲೇ ಹುಟ್ಟಿ ಬೆಳೆದವರಿಗೆ ಕೋಟೆಯೊಳಗಿನ ರಂಗೀನ್ ಮಹಲಿನ ಒಳಗೋಡೆ ಹೇಗಿದೆ, ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಪಕ್ಕದ ಗಲ್ಲಿಯ ಬಿದರಿ ಕಾರಖಾನೆಯಲ್ಲಿ ಏನು ನಡೆಯುತ್ತದೆ ಎಂದು ತೋರಿಸುವವರು ಮಾತ್ರ ಕಡಿಮೆ. ಈ ಕೈಪಿಡಿ ಆ ಕೆಲಸಕ್ಕೆ. ಊರಿನವರೇ ಊರಿನವರಿಗಾಗಿ ನಡೆಸುವ, ದುಡ್ಡು ಕೇಳದ, ಎರಡೂವರೆ ಗಂಟೆಯ ಮುಂಜಾನೆ ನಡಿಗೆಯನ್ನು ಹೇಗೆ ಕಟ್ಟಬೇಕು, ಎಲ್ಲಿ ಕೆಡುತ್ತದೆ, ಯಾಕೆ ಕೆಡುತ್ತದೆ ಎಂಬುದು ಇಲ್ಲಿದೆ.

ಇದಕ್ಕೆ ಒಳ್ಳೆಯ ಮಾದರಿ ಇಂಗ್ಲೆಂಡಿನ ಸಣ್ಣ ಊರುಗಳಲ್ಲಿ ಸಿಗುತ್ತದೆ. ಮುಚ್ಚಿದ ಕಟ್ಟಡಗಳ ಬಾಗಿಲನ್ನು ವರ್ಷಕ್ಕೊಮ್ಮೆ ಜನರಿಗೆ ತೆರೆಯುವ ಪದ್ಧತಿ 1984ರಲ್ಲಿ ಫ್ರಾನ್ಸಿನಲ್ಲಿ ಶುರುವಾಯಿತು. ಇಂಗ್ಲೆಂಡಿನಲ್ಲಿ ಅದು 1994ರಿಂದ ಪ್ರತಿ ಸೆಪ್ಟೆಂಬರಿನಲ್ಲಿ ‘ಹೆರಿಟೇಜ್ ಓಪನ್ ಡೇಸ್’ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಪ್ರವೇಶಕ್ಕೆ ಹಣ ಇಲ್ಲ. ಉಳಿದ ದಿನಗಳಲ್ಲಿ ಬೀಗ ಹಾಕಿರುವ ಅಥವಾ ಟಿಕೆಟ್ ಕೇಳುವ ಜಾಗಗಳು ಆ ಹೊತ್ತಿಗೆ ಎಲ್ಲರಿಗೂ ತೆರೆದಿರುತ್ತವೆ. ಕೆಲಸವನ್ನು ಹೊರುವವರು ಊರಿನ ಸ್ವಯಂಸೇವಕರು. ಕೆಂಟ್ ಪ್ರಾಂತ್ಯದ ಫ್ಯಾವರ್‌ಶ್ಯಾಮ್ ಎಂಬ ಸಂತೆಪಟ್ಟಣದಲ್ಲಿ 1962ರಲ್ಲಿ ಊರಿನವರು ಒಂದು ಸಂಘ ಕಟ್ಟಿಕೊಂಡು, ಹಾಳುಬಿದ್ದಿದ್ದ ತೋಪಿನ ಮದ್ದು ಅರೆಯುವ ಗಿರಣಿಯನ್ನು ಉಳಿಸಿಕೊಂಡರು; ಇವತ್ತಿಗೂ ಅದನ್ನು ನೋಡಲು ಬಂದವರಿಗೆ ವಿವರಿಸುವವರು ಅಲ್ಲಿನ ಸ್ವಯಂಸೇವಕರೇ.

ಅಲ್ಲಿಂದ ಕಲಿಯಬೇಕಾದದ್ದು ಬೀಗ ತೆಗೆಸುವ ಕೆಲಸ. ರಸ್ತೆಯಿಂದಲೇ ಕಾಣುವ ಗುಮ್ಮಟದ ಮುಂದೆ ನಿಲ್ಲಿಸಿ ಭಾಷಣ ಮಾಡಿದರೆ ಊರಿನವರು ಎರಡನೇ ಸಲ ಬರುವುದಿಲ್ಲ. ದಿನಾ ನೋಡುವ ಬಾಗಿಲಿನ ಒಳಗೆ ಹೋಗಲು ಸಿಕ್ಕರೆ ಮನೆಯವರನ್ನೂ ಕರೆದುಕೊಂಡು ಬರುತ್ತಾರೆ. ಹಾಗಾಗಿ ನಡಿಗೆಯ ದಾರಿ ಗೊತ್ತು ಮಾಡುವ ಮೊದಲು, ಸಾಮಾನ್ಯ ದಿನಗಳಲ್ಲಿ ಒಳಗೆ ಬಿಡದ ಕನಿಷ್ಠ ಎರಡು ಜಾಗಗಳನ್ನು ತೆರೆಸಲು ಆಗುತ್ತದೆಯೇ ನೋಡಿ. ಆಗದಿದ್ದರೆ ನಡಿಗೆಯನ್ನು ಮುಂದೂಡಿ.

ದಿನ ಮತ್ತು ಹೊತ್ತು

ಇಂಗ್ಲೆಂಡಿನ ಸೆಪ್ಟೆಂಬರ್ ನಮಗೆ ಒಗ್ಗದು. ಬೀದರಿನಲ್ಲಿ ಆಗ ಮಳೆಗಾಲ ಮುಗಿದಿರುವುದಿಲ್ಲ. ಕೋಟೆಯೊಳಗಿನ ಕೆಂಪು ಮುರಕಲ್ಲಿನ ಮೆಟ್ಟಿಲು ಪಾಚಿಗಟ್ಟಿ ಜಾರುತ್ತದೆ, ಹುಲ್ಲು ಮೊಣಕಾಲೆತ್ತರ ಬೆಳೆದು ಹಾವಿನ ಭಯವೂ ಇರುತ್ತದೆ. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದ ಆಸುಪಾಸಿನಲ್ಲಿ ಅಧಿಕಾರಿಗಳೂ ಪೊಲೀಸರೂ ಕೈಗೆ ಸಿಗುವುದಿಲ್ಲ. ಏಪ್ರಿಲ್ 18ರ ವಿಶ್ವ ಪರಂಪರೆ ದಿನ ಹೆಸರಿಗೆ ಚೆಂದ, ಆದರೆ ಬೆಳಿಗ್ಗೆ ಒಂಬತ್ತಕ್ಕೆಲ್ಲ ಬಿಸಿಲು ನೆತ್ತಿ ಸುಡುತ್ತದೆ. ಎಲ್ಲಕ್ಕಿಂತ ಒಳ್ಳೆಯದು ನವೆಂಬರ್ 19ರಿಂದ 25ರವರೆಗಿನ ವಿಶ್ವ ಪರಂಪರೆ ಸಪ್ತಾಹದೊಳಗೆ ಬರುವ ಭಾನುವಾರ. ಪುರಾತತ್ವ ಇಲಾಖೆಯೂ ಆ ವಾರ ಕಾರ್ಯಕ್ರಮ ನಡೆಸುವುದರಿಂದ ನಿಮ್ಮ ಅರ್ಜಿಯನ್ನು ಬೇಗ ನೋಡುತ್ತಾರೆ. ಅದು ತಪ್ಪಿದರೆ ಡಿಸೆಂಬರ್, ಜನವರಿ. ಶುಕ್ರವಾರ ಬೇಡ. ರಂಜಾನ್ ತಿಂಗಳೂ ಬೇಡ. ಸಹರಿಗೆ ಎದ್ದವರು ಬೆಳಿಗ್ಗೆ ಮಲಗಿರುತ್ತಾರೆ, ಕಾರಖಾನೆಗಳು ತಡವಾಗಿ ತೆರೆಯುತ್ತವೆ.

ನಡಿಗೆ ಬೆಳಿಗ್ಗೆ 6.45ಕ್ಕೆ ಕೋಟೆಯ ಬಾಗಿಲಿನ ಹೊರಗೆ ಶುರುವಾಗಲಿ, 9.20ರ ಸುಮಾರಿಗೆ ಚೌಬಾರಾದ ಹತ್ತಿರ ಮುಗಿಯಲಿ. ಅನೇಕರು ಇದನ್ನು ತಿರುಗಿಸಿ, ಚೌಬಾರಾದಿಂದ ಕೋಟೆಗೆ ಹೋಗುವ ಯೋಜನೆ ಹಾಕುತ್ತಾರೆ. ಅದರಿಂದ ಮೂರು ತೊಂದರೆ: ಬೆಳಿಗ್ಗೆ ಏಳಕ್ಕೆ ಬಿದರಿ ಕಾರಖಾನೆ ತೆರೆದಿರುವುದಿಲ್ಲ, ನೆರಳಿಲ್ಲದ ಕೋಟೆಯ ಬಯಲಿಗೆ ಬಿಸಿಲೇರಿದ ಮೇಲೆ ಹೋಗಿ ಸೇರುತ್ತೀರಿ, ಮುಗಿದಾಗ ಜನ ತಮ್ಮ ಮನೆಯಿಂದ, ಛಾ ಅಂಗಡಿಯಿಂದ ದೂರ ಇರುತ್ತಾರೆ. ಕೋಟೆಯಿಂದ ಊರಿನ ಕಡೆಗೆ ಬಂದರೆ ಮೂರೂ ತಪ್ಪುತ್ತವೆ.

ಎಷ್ಟು ಜನ?

25. ಅದಕ್ಕಿಂತ ಹೆಚ್ಚಾದರೆ ಹಿಂದಿನ ಸಾಲಿಗೆ ಮಾತು ಕೇಳಿಸದು, ಓಣಿಯಲ್ಲಿ ದಾರಿ ಕಟ್ಟುತ್ತದೆ. ಉಚಿತ ಕಾರ್ಯಕ್ರಮಕ್ಕೆ ಹೆಸರು ಕೊಟ್ಟವರೆಲ್ಲ ಬರುವುದಿಲ್ಲ, ಆದ್ದರಿಂದ 32 ಹೆಸರು ಬರೆದುಕೊಳ್ಳಿ, ಹಿಂದಿನ ಸಂಜೆ ಒಬ್ಬೊಬ್ಬರಿಗೂ ಫೋನ್ ಮಾಡಿ. ವಾಟ್ಸಾಪ್ ಸಂದೇಶ ಮಾತ್ರ ಕಳಿಸಿದರೆ ಸಾಲದು. 60 ಜನ ಕೇಳಿದರೆ ಎರಡು ಭಾನುವಾರ ಮಾಡಿ. ಒಂದೇ ದಿನ ತುರುಕಬೇಡಿ.

ನಡೆಸುವ ಕಡೆ ನಾಲ್ವರು ಸಾಕು. ಮುಂದೆ ಒಬ್ಬರು ವಿವರಿಸುವವರು. ಹಿಂದೆ ಒಬ್ಬರು, ಅವರನ್ನು ದಾಟಿ ಯಾರೂ ಹಿಂದುಳಿಯಬಾರದು. ರಸ್ತೆ ದಾಟಿಸಲು ಒಬ್ಬರು, ಅವರ ಕೈಯಲ್ಲಿ ಕೆಂಪು ವಸ್ತ್ರ ಮತ್ತು ಸೀಟಿ ಇರಲಿ. ನಾಲ್ಕನೆಯವರು ಸೈಕಲ್ ಮೋಟಾರಿನ ಮೇಲೆ ಮುಂದಿನ ನಿಲುಗಡೆಗೆ ಹೋಗಿ ಬಾಗಿಲು ತೆಗೆದಿದೆಯೇ, ಛಾ ಆಗಿದೆಯೇ ನೋಡುವವರು. ಈ ನಾಲ್ಕನೆಯವರು ಇಲ್ಲದ ನಡಿಗೆಗಳು ಮುಚ್ಚಿದ ಬಾಗಿಲಿನ ಮುಂದೆ ನಿಂತು ಹೊತ್ತು ಕಳೆಯುತ್ತವೆ. ನಾಲ್ವರಲ್ಲಿ ಒಬ್ಬರಾದರೂ ಹೆಣ್ಣುಮಕ್ಕಳಿರಲೇಬೇಕು. ಮನೆಗಳ ಒಳಗೆ ಹೋಗುವಾಗ ಇದು ಎಷ್ಟು ಮುಖ್ಯ ಎಂದು ಮುಂದೆ ಹೇಳಿದೆ.

ಶೌಚಾಲಯ ಎಲ್ಲಿದೆ, ಆ ದಿನ ತೆರೆದಿರುತ್ತದೆಯೇ ಎಂದು ಮೊದಲೇ ಖಾತ್ರಿ ಮಾಡಿಕೊಂಡು ಕರಪತ್ರದಲ್ಲಿ ಬರೆಯಿರಿ. ಹೆಣ್ಣುಮಕ್ಕಳು, ಸಕ್ಕರೆ ಕಾಯಿಲೆ ಇರುವ ಹಿರಿಯರು ಮುಂದಿನ ಸಲ ಬರುವುದೂ ಬಿಡುವುದೂ ಇದೊಂದರ ಮೇಲೆ ನಿಂತಿದೆ.

ಕಾಗದ ಪತ್ರ

ಕೋಟೆ, ಮಹಮೂದ್ ಗಾವಾನ್ ಮದರಸಾ, ಅಷ್ಟೂರಿನ ಗುಮ್ಮಟಗಳು ಎಲ್ಲವೂ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಮತ್ತು ಅದರ 1959ರ ನಿಯಮಗಳ ಪ್ರಕಾರ ರಕ್ಷಿತ ಸ್ಮಾರಕದ ಒಳಗೆ ಸಭೆ, ಸತ್ಕಾರ, ಮನರಂಜನೆ ನಡೆಸಲು ಇಲಾಖೆಯ ಅನುಮತಿ ಬೇಕು. ಸುಮ್ಮನೆ ನಡೆದು ನೋಡುವುದಕ್ಕೆ ಇದು ಅನ್ವಯಿಸದು. ಆದರೆ ಬ್ಯಾನರ್ ಕಟ್ಟಿ, ಮೈಕ್ ಹಚ್ಚಿ, ಅತಿಥಿಗೆ ಹಾರ ಹಾಕಿದಿರೋ ಅದು ಸಭೆಯಾಗುತ್ತದೆ. ಆದ್ದರಿಂದ ಬ್ಯಾನರ್, ಮೈಕ್, ಹಾರ ಮೂರನ್ನೂ ಕೈಬಿಡಿ. ಉದ್ಘಾಟನೆ ಇಟ್ಟುಕೊಂಡ ನಡಿಗೆ ಮುಕ್ಕಾಲು ಗಂಟೆ ತಡವಾಗುವುದು ಹೆಚ್ಚುಕಡಿಮೆ ಖಚಿತ.

ಹಾಗಿದ್ದರೂ ಇಲಾಖೆಗೆ ಒಂದು ತಿಂಗಳು ಮೊದಲೇ ಪತ್ರ ಕೊಡಿ. ಅದರಲ್ಲಿ ದಿನಾಂಕ, ಹೊತ್ತು, ಜನರ ಸಂಖ್ಯೆ, ಹೊಣೆ ಹೊತ್ತವರ ಹೆಸರು ಇರಲಿ. ‘ರಂಗೀನ್ ಮಹಲಿನ ಬೀಗ ಬೆಳಿಗ್ಗೆ 7.15ಕ್ಕೆ ತೆಗೆಸಿಕೊಡಬೇಕು’ ಎಂದು ಬಿಡಿಸಿ ಬರೆಯಿರಿ. ‘ಸಹಕಾರ ನೀಡಬೇಕು’ ಎಂದಷ್ಟೇ ಬರೆದರೆ ಯಾರೂ ಬೀಗದ ಕೈ ತರುವುದಿಲ್ಲ. ಪತ್ರದ ನಕಲಿನ ಮೇಲೆ ಮುದ್ರೆ ಹಾಕಿಸಿಕೊಂಡು, ನಡಿಗೆಯ ಹಿಂದಿನ ದಿನ ಕಾವಲುಗಾರರನ್ನು ಖುದ್ದಾಗಿ ಕಂಡು ಮಾತಾಡಿ. ಟ್ರೈಪಾಡ್ ಇಟ್ಟು ಚಿತ್ರ ತೆಗೆಯುವುದಕ್ಕೆ ಬೇರೆಯೇ ಅನುಮತಿ ಬೇಕು. ಡ್ರೋನ್ ಮಾತೇ ಬೇಡ. ಬೀದರಿನಲ್ಲಿ ವಾಯುಪಡೆಯ ನೆಲೆ ಇದೆ, ಇದು ದಂಡ ಕಟ್ಟಿ ಮುಗಿಯುವ ವಿಷಯವಲ್ಲ. ರಸ್ತೆಯ ಮೇಲೆ ಗುಂಪಾಗಿ ಹೋಗುವುದರಿಂದ ಪೊಲೀಸ್ ಠಾಣೆಗೂ ಒಂದು ತಿಳಿವಳಿಕೆ ಪತ್ರ ಕೊಟ್ಟಿರಿ.

ದಾರಿ, ನಿಲುಗಡೆ, ಬೆಳಕು

ಕೋಟೆಯ ಬಾಗಿಲಲ್ಲಿ ಸೇರಿದ ಮೇಲೆ ನಡೆಯುತ್ತ ನೇರ ಸೋಲಾ ಖಂಬಾ ಮಸೀದಿಗೆ ಹೋಗಿ, ಅಲ್ಲಿಂದ ಹಿಂದಕ್ಕೆ ಬರುತ್ತ ಬನ್ನಿ. ದೂರದ ಜಾಗವನ್ನು ಕಾಲು ಹೊಸದಾಗಿರುವಾಗಲೇ ಮುಗಿಸಬೇಕು. ಸೋಲಾ ಖಂಬಾದ ಶಾಸನ ಅದನ್ನು 1423-24ಕ್ಕೆ ಕೊಂಡೊಯ್ಯುತ್ತದೆ. ಬಹಮನಿಗಳ ರಾಜಧಾನಿ ಕಲಬುರಗಿಯಿಂದ ಬೀದರಿಗೆ ಬಂದ ಕಾಲದ ಲೆಕ್ಕ ಬೇರೆ ಬೇರೆ ಪುಸ್ತಕದಲ್ಲಿ ಬೇರೆ ಬೇರೆ ಇದೆ; ಈ ಮಸೀದಿಯ ಶಾಸನ ಮಾತ್ರ ಗಟ್ಟಿ ಆಧಾರ. ಎಂಟು ನಿಮಿಷ ಇಷ್ಟನ್ನು ಹೇಳಿ ಬಿಡಿ. ಜನರಿಗೆ ಕಂಬಗಳ ನಡುವೆ ಸುಮ್ಮನೆ ಓಡಾಡಲು ಐದು ನಿಮಿಷ ಕೊಡಿ. ಚಪ್ಪಲಿ ಹೊರಗಿರಲಿ.

ಎರಡನೆಯದು ರಂಗೀನ್ ಮಹಲು. ಇಡೀ ನಡಿಗೆಯ ಜೀವ ಇದು. ಬಹಮನಿಗಳ ನಂತರ ಬೀದರನ್ನು ಆಳಿದ ಬರೀದ್ ಶಾಹಿಗಳ ಅಲಿ ಬರೀದನ ಕಾಲದಲ್ಲಿ, ಹದಿನಾರನೇ ಶತಮಾನದಲ್ಲಿ, ಈಗಿನ ರೂಪ ಪಡೆದ ಈ ಮಹಲಿನಲ್ಲಿ ಮರದ ಕೆತ್ತನೆಯ ಕಂಬಗಳಿವೆ, ಬಣ್ಣದ ಹೆಂಚಿನ ಕೆಲಸವಿದೆ, ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಬಾಗಿಲ ಚೌಕಟ್ಟುಗಳಿವೆ. ಕರಿಯ ಮೇಲೆ ಬಿಳಿ ಕೂರಿಸುವ ಇದೇ ಕಣ್ಣು ಬಿದರಿ ಕೆಲಸದಲ್ಲೂ ಇದೆ; ಒಂದರ ಹಿಂದೆ ಒಂದನ್ನು ನೋಡಿದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಳಗೆ ಹೋಗುವ ಮೊದಲೇ ಮೂರು ಮಾತು ಹೇಳಿ: ಗೋಡೆ ಮುಟ್ಟಬಾರದು, ಬೆನ್ನಿನ ಚೀಲ ಎದೆಗೆ ಹಾಕಿಕೊಳ್ಳಬೇಕು, ಫ್ಲ್ಯಾಶ್ ಬೇಡ. ಬೆರಳಿನ ಎಣ್ಣೆ ಮತ್ತು ಬೆವರು ಚಿಪ್ಪಿನ ಹೊಳಪನ್ನು ಮಂಕು ಮಾಡುತ್ತವೆ, ಚೀಲದ ಜಿಪ್ಪು ಗೀಚುತ್ತದೆ. ಒಳಗೆ ಒಂದು ಸಲಕ್ಕೆ 12 ಜನ. ಉಳಿದವರು ಹೊರಗೆ ಕಾಯುವಾಗ ನೀರು ಕೊಡಿ. ಒಬ್ಬೊಬ್ಬರಿಗೆ ಅರ್ಧ ಲೀಟರ್ ಲೆಕ್ಕ ಹಾಕಿ, ಸಣ್ಣ ಪ್ಲಾಸ್ಟಿಕ್ ಬಾಟಲಿ ಹಂಚುವ ಬದಲು ಮನೆಯಿಂದಲೇ ಬಾಟಲಿ ತರಲು ಹೇಳಿ, 20 ಲೀಟರಿನ ಒಂದು ಕ್ಯಾನು ಇಟ್ಟುಕೊಳ್ಳಿ.

ಒಳಗಿನ ಕತ್ತಲಲ್ಲಿ ಚಿಪ್ಪು ಸರಿಯಾಗಿ ಕಾಣಬೇಕಾದರೆ ಟಾರ್ಚನ್ನು ನೇರ ಹಿಡಿಯಬಾರದು, ಗೋಡೆಗೆ ಓರೆಯಾಗಿ ಹಿಡಿಯಬೇಕು. ನೇರ ಬೆಳಕಿಗೆ ಎಲ್ಲ ಒಂದೇ ಬಿಳುಪಾಗಿ ಕಾಣುತ್ತದೆ. ಓರೆ ಬೆಳಕಿಗೆ ಹಸಿರು, ಗುಲಾಬಿ, ನೀಲಿ ಛಾಯೆಗಳು ಏಳುತ್ತವೆ. ಹಳದಿ ಬೆಳಕಿನ ಒಂದು ಒಳ್ಳೆಯ ಟಾರ್ಚು ವಿವರಿಸುವವರ ಕೈಯಲ್ಲಿರಲಿ, ಉಳಿದವರ ಮೊಬೈಲ್ ಟಾರ್ಚು ಬಂದ್.

ಹೊರಗೆ ಬರುವಾಗ ಗುಂಬದ್ ದರ್ವಾಜಾ, ಶರ್ಜಾ ದರ್ವಾಜಾ ದಾಟಿ, ಮುರಕಲ್ಲನ್ನು ಕಡಿದು ಮಾಡಿದ ಕಂದಕ ಕಾಣುವ ಕಡೆ ನಿಲ್ಲಿ. ಕಂದಕ ಒಂದಲ್ಲ; ನಡುವೆ ಬಂಡೆಯ ಗೋಡೆಗಳನ್ನು ಹಾಗೇ ಬಿಟ್ಟು ಮೂರು ಸಾಲಾಗಿ ಕಡಿದಿದ್ದಾರೆ. ಅಲ್ಲಿಂದ ತೆಗೆದ ಕಲ್ಲು ಕಟ್ಟಡಕ್ಕೆ ಒದಗಿತು ಎಂಬುದನ್ನು ಮಕ್ಕಳಿಗೆ ಹೇಳಿ. ಗುಂಡಿ ತೋಡಿದವರೇ ಗೋಡೆ ಕಟ್ಟಿದ್ದು ಅವರಿಗೆ ಬೇಗ ತಿಳಿಯುತ್ತದೆ. ಅಂಚಿನಲ್ಲಿ ತಡೆಗೋಡೆ ಇಲ್ಲದ ಕಡೆ ಎರಡು ಮೀಟರ್ ದೂರ ನಿಲ್ಲಿಸಿ. ಸೆಲ್ಫಿಗೆ ಹಿಂದೆ ಸರಿಯುವವರ ಮೇಲೆ ಹಿಂದಿನ ಸ್ವಯಂಸೇವಕರ ಕಣ್ಣಿರಲಿ.

ಮಹಮೂದ್ ಗಾವಾನ್ ಮದರಸಾಕ್ಕೆ 8.05ರ ಸುಮಾರಿಗೆ ತಲುಪಬೇಕು. ಇದಕ್ಕೂ ಕಾರಣವಿದೆ. ಹೆಂಚಿನ ಕೆಲಸ ಉಳಿದಿರುವ ಮುಂಭಾಗ ಪೂರ್ವಕ್ಕಿದೆ. ಬೆಳಗಿನ ಬಿಸಿಲು ನೇರ ಅದರ ಮೇಲೆ ಬಿದ್ದಾಗ ನೀಲಿ, ಹಸಿರು, ಹಳದಿ, ಬಿಳಿ ಬಣ್ಣಗಳು ಹೊಳೆಯುತ್ತವೆ. ಮಧ್ಯಾಹ್ನದ ನಂತರ ಹೋದರೆ ಅದೇ ಗೋಡೆ ನೆರಳಿನಲ್ಲಿ ಮಂಕಾಗಿ ನಿಂತಿರುತ್ತದೆ. ಇರಾನಿನ ಗಿಲಾನ್ ಸೀಮೆಯಿಂದ ಬಂದು ಬಹಮನಿಗಳ ಮಂತ್ರಿಯಾದ ಗಾವಾನ್ ಇದನ್ನು 1472ರಲ್ಲಿ ಕಟ್ಟಿಸಿದ. ಮೂರು ಅಂತಸ್ತು, ಮಸೀದಿ, ಗ್ರಂಥಾಲಯ, ಪಾಠದ ಕೋಣೆಗಳು. ಒಂಬತ್ತು ವರ್ಷದ ಮೇಲೆ, 1481ರಲ್ಲಿ, ಖೋಟಾ ಪತ್ರ ನಂಬಿದ ಸುಲ್ತಾನ ಅವನನ್ನು ಕೊಲ್ಲಿಸಿದ. 1696ರ ಸ್ಫೋಟದಲ್ಲಿ ಕಟ್ಟಡದ ದೊಡ್ಡ ಭಾಗ ಮತ್ತು ಒಂದು ಮಿನಾರು ಹೋದವು. ಇಲ್ಲಿ ಹೇಳಲು ಬಹಳ ಇದೆ, ಆದರೆ ಹತ್ತು ನಿಮಿಷಕ್ಕೆ ನಿಲ್ಲಿಸಿ. ಬಿಸಿಲಿನಲ್ಲಿ ನಿಂತವರು ಅದಕ್ಕಿಂತ ಹೆಚ್ಚು ಕೇಳಲಾರರು. ವಿವರಿಸುವವರು ಸೂರ್ಯನಿಗೆ ಎದುರಾಗಿ ನಿಲ್ಲಬೇಕು, ಜನ ಸೂರ್ಯನಿಗೆ ಬೆನ್ನು ಮಾಡಬೇಕು. ಗೋಡೆ ತೋರಿಸುವಾಗ ವಿವರಿಸುವವರು ಗೋಡೆಯ ಕಡೆಯಲ್ಲಿದ್ದರೆ ಇದು ತಾನಾಗಿ ಸರಿಹೋಗುತ್ತದೆ.

ದಾರಿಯಲ್ಲಿ ತಖ್ತ್-ಎ-ಕಿರ್ಮಾನಿ ಎಂಬ ಹಳೇ ಕಮಾನುಬಾಗಿಲೂ ಇದೆ. ಕಮಾನಿನ ಮೇಲಿನ ಗಚ್ಚಿನ ಕೆಲಸ ನೋಡಲು ಐದು ನಿಮಿಷ ಸಾಕು. ಚೌಬಾರಾ ಸುಮಾರು 71 ಅಡಿ ಎತ್ತರದ ದುಂಡು ಗೋಪುರ, ನಾಲ್ಕು ದಾರಿ ಕೂಡುವ ಜಾಗ. 8.45ರ ಹೊತ್ತಿಗೆ ಆಟೋ, ಹಾಲಿನ ಗಾಡಿ, ಶಾಲೆ ಕೋಚಿಂಗಿನ ಮಕ್ಕಳು ಎಲ್ಲ ಶುರುವಾಗಿರುತ್ತದೆ. ಅದರ ಬುಡದಲ್ಲಿ ನಿಂತು ಮಾತಾಡಬೇಡಿ. ಹೇಳುವುದನ್ನೆಲ್ಲ ಸ್ವಲ್ಪ ಹಿಂದೆಯೇ, ಗೋಪುರ ಕಾಣುವ ಕಡೆ, ಅಂಗಡಿ ಕಟ್ಟೆಯ ಪಕ್ಕದಲ್ಲಿ ಹೇಳಿ ಮುಗಿಸಿ.

ಬಿದರಿ ಕಾರಖಾನೆಯಲ್ಲಿ

ಇಲ್ಲಿ ತಯಾರಿ ಹೆಚ್ಚು ಬೇಕು, ಫಲವೂ ಹೆಚ್ಚು. ಕಾರಖಾನೆ ಎಂದರೆ ಹಲವು ಸಲ ಹತ್ತಡಿ ಹನ್ನೆರಡಡಿಯ ಒಂದು ಕೋಣೆ. ಒಂದು ಸಲಕ್ಕೆ ಎಂಟೊಂಬತ್ತು ಜನ, ಒಂದು ತಂಡಕ್ಕೆ ಏಳು ನಿಮಿಷ, ಮೂರು ತಂಡ. ಹೊರಗಿರುವವರಿಗೆ ಆಗಲೇ ಛಾ ಕೊಟ್ಟುಬಿಡಿ, ಹೊತ್ತು ಉಳಿಯುತ್ತದೆ.

ಉಸ್ತಾದರ ಹತ್ತಿರ ಎರಡು ವಾರ ಮೊದಲೇ ಹೋಗಿ ಕೂತು ಮಾತಾಡಿ. ‘ಚಾಚಾ, ಭಾನುವಾರ ಮುಂಜಾನಿ ನಮ್ಮ ಊರಾವ್ರೇ ಇಪ್ಪತ್ತೈದು ಮಂದಿ ಬರ್ತಾರ, ಕೆಲಸ ತೋರಿಸ್ತೀರೇನ್ರಿ?’ ಎಂದು ಕೇಳಿ, ಅದೇ ಉಸಿರಿನಲ್ಲಿ ಗೌರವಧನ ಎಷ್ಟೆಂದು ಹೇಳಿಬಿಡಿ. ಅರ್ಧ ದಿನದ ಕೂಲಿಗಿಂತ ಕಡಿಮೆ ಕೊಡಬಾರದು. ‘ಪ್ರಚಾರ ಸಿಗುತ್ತದೆ’ ಎಂಬ ಮಾತಿನಿಂದ ಒಲೆ ಉರಿಯುವುದಿಲ್ಲ. ಮಾರಾಟಕ್ಕೆ ಸಣ್ಣ ವಸ್ತುಗಳನ್ನು ಇಡಲು ಹೇಳಿ, ಆದರೆ ಕೊಳ್ಳಲೇಬೇಕೆಂದು ಯಾರನ್ನೂ ಒತ್ತಬೇಡಿ.

ಬಿದರಿ ವಸ್ತುವೊಂದು ಸಿದ್ಧವಾಗಲು ದಿನಗಳು ಬೇಕು, ನಿಮಗಿರುವುದು ಏಳು ನಿಮಿಷ. ಹಾಗಾಗಿ ಬೇರೆ ಬೇರೆ ಹಂತದಲ್ಲಿರುವ ಆರು ತುಣುಕುಗಳನ್ನು ಸಾಲಾಗಿ ಇಡಿಸಿ. ಮೊದಲನೆಯದು ಮಣ್ಣಿನ ಅಚ್ಚಿನಿಂದ ತೆಗೆದ ಒರಟು ಎರಕ. ಸತುವೇ ಬಹುಪಾಲು, ತಾಮ್ರ ಸ್ವಲ್ಪ, ಸಾಮಾನ್ಯವಾಗಿ ಹೇಳುವ ಪ್ರಮಾಣ 16ಕ್ಕೆ 1. ಎರಡನೆಯದು ಅರದಿಂದ ಉಜ್ಜಿ ನುಣುಪಾದದ್ದು. ಮೂರನೆಯದು ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡಿದ್ದು, ಅದರ ಮೇಲೆ ಮೊನೆಯಿಂದ ಕೈಯಲ್ಲೇ ಬಿಡಿಸಿದ ಹೂಬಳ್ಳಿ. ಈ ಕಪ್ಪು ಕೊನೆಯ ಕಪ್ಪಲ್ಲ, ಗೀಚಿದ ಗೆರೆ ಎದ್ದು ಕಾಣಲಿ ಎಂದು ಹಚ್ಚಿದ್ದು. ನೋಡುವವರು ಎಲ್ಲಕ್ಕಿಂತ ಹೆಚ್ಚು ಗೊಂದಲಗೊಳ್ಳುವುದು ಇಲ್ಲೇ, ಬಿಡಿಸಿ ಹೇಳಿ. ನಾಲ್ಕನೆಯದು ಗೆರೆಗುಂಟ ಉಳಿಯಿಂದ ತೋಡು ಕೊರೆದದ್ದು. ಐದನೆಯದು ಬೆಳ್ಳಿಯ ತಂತಿ, ತಗಡು ಬಡಿದು ಕೂರಿಸಿದ್ದು. ಆರನೆಯದು ಮುಗಿದ ವಸ್ತು.

ಕಣ್ಣೆದುರೇ ಮಾಡಿ ತೋರಿಸಬೇಕಾದದ್ದು ಕೊನೆಯ ಕಪ್ಪು. ಕೋಟೆಯ ಹಳೇ ಕಟ್ಟಡಗಳ, ಮಳೆ ಬಿಸಿಲು ಸೋಕದ ಜಾಗದ ಮಣ್ಣಿಗೆ ನವಸಾಗರ ಎಂಬ ಉಪ್ಪು ಮತ್ತು ನೀರು ಸೇರಿಸಿ, ಹದವಾಗಿ ಬಿಸಿ ಮಾಡಿದ ವಸ್ತುವಿಗೆ ಹಚ್ಚಿ ಉಜ್ಜುತ್ತಾರೆ. ನೋಡನೋಡುತ್ತ ಸತುವಿನ ಮೈ ಕಡುಗಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮಣ್ಣು ಸರಿಯೋ ಅಲ್ಲವೋ ಎಂದು ಉಸ್ತಾದರು ನಾಲಿಗೆಗೆ ತಾಗಿಸಿ ನೋಡುತ್ತಾರೆ. ಮಕ್ಕಳು ಅದನ್ನು ಅನುಕರಿಸದಂತೆ ಮೊದಲೇ ಹೇಳಿಡಿ. ಮೈಲುತುತ್ತ ವಿಷ, ಅದರ ಬಟ್ಟಲು ಮಕ್ಕಳ ಕೈಗೆಟುಕದ ಕಡೆ ಇರಬೇಕು. ನವಸಾಗರ ಕಾದಾಗ ಬರುವ ಹೊಗೆ ಕಣ್ಣು ಗಂಟಲು ಉರಿಸುತ್ತದೆ. ಈ ಹಂತವನ್ನು ಬಾಗಿಲ ಹತ್ತಿರ ಅಥವಾ ಅಂಗಳದಲ್ಲಿ ಮಾಡಿಸಿ, ದಮ್ಮು ಇರುವವರನ್ನು ದೂರ ನಿಲ್ಲಿಸಿ. ಬಿದರಿಗೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, 2023ರಲ್ಲಿ ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಿದೆ. ಇವೆರಡನ್ನು ಛಾ ಕುಡಿಯುವಾಗ ಹೇಳಿದರೆ ಸಾಕು.

ಏನು ಹೇಳಬೇಕು, ಏನು ಹೇಳಬಾರದು

ವಿವರಿಸುವವರು ಪ್ರತಿ ನಿಲುಗಡೆಗೆ ಒಂದು ಅಂಚೆ ಕಾರ್ಡಿನಷ್ಟು ಕಾಗದದಲ್ಲಿ ಟಿಪ್ಪಣಿ ಬರೆದುಕೊಳ್ಳಲಿ. ಅದರಲ್ಲಿ ಮೂರು ಬಣ್ಣ: ಶಾಸನದಲ್ಲಿ ಇರುವುದು ಒಂದು ಬಣ್ಣ, ಪಂಡಿತರು ದಾಖಲಿಸಿದ್ದು ಒಂದು, ಊರಿನಲ್ಲಿ ಹೇಳುವುದು ಒಂದು. ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಗುಲಾಂ ಯಾಜ್ದಾನಿ ಬೀದರಿನ ಕಟ್ಟಡಗಳನ್ನು ಒಂದೊಂದಾಗಿ ಅಳೆದು ದಾಖಲಿಸಿದ್ದಾರೆ. ಅಳತೆ, ಶಾಸನಗಳ ವಿಷಯಕ್ಕೆ ಮೊದಲು ಅವರನ್ನೇ ನೋಡಿ. ಮದರಸಾದ 1696ರ ಅನಾಹುತಕ್ಕೆ ಅಲ್ಲಿ ಕೂಡಿಟ್ಟ ಮದ್ದು ಸಿಡಿದದ್ದು ಕಾರಣ ಎನ್ನುತ್ತಾರೆ, ಸಿಡಿಲು ಬಡಿಯಿತು ಎನ್ನುವವರೂ ಇದ್ದಾರೆ. ಎರಡನ್ನೂ ಹೇಳಿ, ಯಾವುದು ಯಾರ ಮಾತು ಎಂದೂ ಹೇಳಿ.

ಸುರಂಗದ ಕಥೆ ಪ್ರತಿ ನಡಿಗೆಯಲ್ಲೂ ಬರುತ್ತದೆ. ಕೋಟೆಯಿಂದ ಅಲ್ಲಿಗೆ ಇಲ್ಲಿಗೆ ಗುಪ್ತ ದಾರಿ ಇದೆ ಎಂದು ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. ನಗಬೇಡಿ. ಬೀದರಿನಲ್ಲಿ ನೆಲದೊಳಗೆ ನಿಜವಾಗಿಯೂ ಸುರಂಗಗಳಿವೆ, ಅವು ನೀರಿನವು. ನೌಬಾದಿನ ಕರೇಜ್, ಊರಿನವರ ಬಾಯಲ್ಲಿ ಸುರಂಗ ಬಾವಿ, ಅಂತರ್ಜಲವನ್ನು ಸೆಳೆದು ಇಳಿಜಾರಿನಲ್ಲಿ ಕಿಲೋಮೀಟರುಗಟ್ಟಲೆ ಹರಿಸಲು ತೋಡಿದ್ದು, ಮಧ್ಯೆ ಮಧ್ಯೆ ಗಾಳಿಬಾವಿಗಳೊಂದಿಗೆ. ಗುಪ್ತ ದಾರಿಯ ಕಥೆ ಹೇಳಿದವರಿಗೆ ಇದನ್ನು ತಿಳಿಸಿದರೆ ಅವರ ಮಾತಿಗೂ ಮರ್ಯಾದೆ ಉಳಿಯುತ್ತದೆ. ಆದರೆ ಕರೇಜಿನ ಒಳಗೆ ಜನರನ್ನು ಇಳಿಸಬೇಡಿ. ಒಳಗೆ ಗಾಳಿ ಸಾಲದು, ಬಾವಲಿಗಳಿವೆ, ನೀರು ಏರಿದರೆ ಹೊರಬರಲು ದಾರಿ ದೂರ. ಮೇಲಿನ ಗಾಳಿಬಾವಿಗಳ ಜಾಡು ಹಿಡಿದು ನಡೆಯುವುದು ಬೇರೊಂದು ದಿನದ ಒಳ್ಳೆಯ ನಡಿಗೆಯಾದೀತು.

ಅಷ್ಟೂರನ್ನೂ ಇದೇ ದಿನಕ್ಕೆ ಸೇರಿಸಬೇಡಿ. ಬಹಮನಿ ಸುಲ್ತಾನ ಅಹ್ಮದ್ ಶಾಹ್ ವಲಿಯ ಗುಮ್ಮಟದ ಒಳಗಿನ ಬಣ್ಣದ ಚಿತ್ತಾರಕ್ಕೆ, ಮಾಡಿಯಾಳದ ಜಂಗಮರು ಮುಂದೆ ನಿಂತು ನಡೆಸುವ ಅಲ್ಲಿನ ಉರುಸಿನ ಪದ್ಧತಿಗೆ ಒಂದು ಪೂರ್ತಿ ಬೆಳಿಗ್ಗೆ ಬೇಕು.

ಮಾತು ಕನ್ನಡ ಮತ್ತು ಇಲ್ಲಿನ ಆಡುಮಾತಿನ ಉರ್ದುವಾದ ದಖನಿ ಎರಡರಲ್ಲೂ ನಡೆಯಲಿ. ಒಂದೊಂದು ವಾಕ್ಯ ಎರಡು ಭಾಷೆಯಲ್ಲಿ ಹೇಳುತ್ತ ಹೋದರೆ ಹೊತ್ತು ಇಮ್ಮಡಿಯಾಗುತ್ತದೆ. ಅದರ ಬದಲು ಒಂದು ನಿಲುಗಡೆ ಕನ್ನಡದಲ್ಲಿ, ಮುಂದಿನದು ದಖನಿಯಲ್ಲಿ ಎಂದು ಇಬ್ಬರು ಹಂಚಿಕೊಂಡರೆ ಹಗುರ. ಕರಪತ್ರದ ಒಂದು ಮಗ್ಗುಲು ಕನ್ನಡ, ಇನ್ನೊಂದು ಉರ್ದು. 40 ಪ್ರತಿ ಸಾಕು.

ಮನೆಗಳು ಮತ್ತು ಫಲಕಗಳು

ವಾಡೆ, ದೇವಡಿ ಎಂಬ ಹಳೇ ದೊಡ್ಡ ಮನೆಗಳ ಅಂಗಳ ತೋರಿಸಲು ಯಾರಾದರೂ ಒಪ್ಪಿದರೆ ಅದು ದೊಡ್ಡ ಮಾತು. ಗಂಡಸರು ‘ಬರ್ರಿ ಬರ್ರಿ’ ಎಂದರೆ ಆಯಿತು ಎಂದುಕೊಳ್ಳಬೇಡಿ. ನಿಮ್ಮ ತಂಡದ ಹೆಣ್ಣುಮಗಳು ಒಳಗೆ ಹೋಗಿ ‘ಅವ್ವಾರ, ಎಲ್ಲೀ ತನಕ ಬಂದ್ರ ನಿಮಗ ತ್ರಾಸಿಲ್ಲ?’ ಎಂದು ಮನೆಯ ಹಿರಿಯಾಕೆಯನ್ನು ಕೇಳಬೇಕು. ಅವರು ಹೇಳಿದ ಗೆರೆಯೇ ಗೆರೆ. ಮನೆಯೊಳಗೆ ಫೋಟೊ ಬೇಡ. ನಡಿಗೆ ಮುಗಿದ ಮೇಲೆ ಆ ಅಂಗಳವನ್ನು ಗುಡಿಸಿ ಬನ್ನಿ.

ಲಂಡನ್ನಿನಲ್ಲಿ ಹೆಸರಾದವರು ಬಾಳಿದ ಮನೆಗಳ ಮೇಲೆ ದುಂಡು ನೀಲಿ ಫಲಕ ಕೂರಿಸುವ ಯೋಜನೆ 1866ರಲ್ಲಿ ಆರಂಭವಾಯಿತು. ಈಗಿನ ಫಲಕ 495 ಮಿಲಿಮೀಟರ್ ಅಗಲದ ಪಿಂಗಾಣಿಯದು. ಸಣ್ಣ ಊರುಗಳಲ್ಲಿ ಆ ಕೆಲಸವನ್ನು ಅಲ್ಲಿನ ಸಂಘಗಳೇ ಮಾಡುತ್ತವೆ. ನಮ್ಮಲ್ಲೂ ಖಾಸಗಿ ಮನೆಗಳಿಗೆ ಇದು ಸಾಧ್ಯ, ಒಡೆಯರ ಲಿಖಿತ ಒಪ್ಪಿಗೆ ಇದ್ದರೆ. ರಕ್ಷಿತ ಸ್ಮಾರಕಕ್ಕೆ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ. ಬಿದರಿ ಫಲಕದ ಆಸೆ ಎಲ್ಲರಿಗೂ ಬರುತ್ತದೆ, ಆದರೆ ಹೊರಗಿನ ಮಳೆಗೆ ಆ ಕಪ್ಪು ತಡೆಯದು. ಶಹಾಬಾದ್ ಕಲ್ಲು ಸರಿ: 45 ಸೆಂಟಿಮೀಟರ್ ಉದ್ದ, 30 ಅಗಲ, ಎರಡೂವರೆ ದಪ್ಪ. ತೂಕ ಸುಮಾರು 9 ಕಿಲೋ ಬರುತ್ತದೆ. ಅಕ್ಷರದ ಎತ್ತರ 2 ಸೆಂಟಿಮೀಟರಿಗೆ ಕಡಿಮೆ ಬೇಡ, ಪದಗಳು 30 ದಾಟಬಾರದು.

ಕೂರಿಸುವಾಗಲೇ ಹೆಚ್ಚು ಹಾಳಾಗುವುದು. ಮುರಕಲ್ಲು ಮೆತ್ತಗಿನ ರಂಧ್ರಗಳ ಕಲ್ಲು. ಅದಕ್ಕೆ ನೇರ ಡ್ರಿಲ್ ಮಾಡಿ ಹಿಗ್ಗುವ ಬೋಲ್ಟ್ ಹಾಕಿದರೆ ಕಲ್ಲೇ ಸೀಳುತ್ತದೆ. ರಂಧ್ರವನ್ನು ಕಲ್ಲುಗಳ ನಡುವಿನ ಗಾರೆಯ ಸಂದಿಯಲ್ಲಿ ಮಾತ್ರ ಮಾಡಿ, ತುಕ್ಕು ಹಿಡಿಯದ ಉಕ್ಕಿನ ಕೊಕ್ಕೆ ಹಾಕಿ, ಸುತ್ತ ಸುಣ್ಣದ ಗಾರೆ ತುಂಬಿಸಿ. ಸಿಮೆಂಟ್ ಬಳಸಿದರೆ ಗೋಡೆಯ ಒಳಗಿನ ತೇವ ಹೊರಬರಲಾಗದೆ ಪಕ್ಕದ ಕಲ್ಲಿನಿಂದ ಬರುತ್ತದೆ, ಉಪ್ಪು ಕಟ್ಟಿ ಕೆಲವು ಮಳೆಗಾಲದಲ್ಲಿ ಕಲ್ಲು ಪುಡಿಯಾಗಿ ಉದುರುತ್ತದೆ.

ಹಳೇ ಫೋಟೊಗಳ ಮೇಜು

ನಡಿಗೆ ಮುಗಿಯುವ ಜಾಗದಲ್ಲಿ ಒಂದು ಮೇಜು, ಒಂದು ಸ್ಕ್ಯಾನರ್, ಇಬ್ಬರು ಹುಡುಗರು ಇರಲಿ. ಮನೆಯ ಹಳೇ ಫೋಟೊ, ಕಾಗದ ತರಲು ಮೊದಲೇ ಹೇಳಿರಿ. 1956ರ ನವೆಂಬರ್ 1ರವರೆಗೆ ಬೀದರ್ ಹೈದರಾಬಾದ್ ರಾಜ್ಯದಲ್ಲಿತ್ತು; ಹಾಗಾಗಿ ಉರ್ದು ಪತ್ರಗಳು, ಕೆಲವು ಮನೆಗಳಿಂದ ಮರಾಠಿ ಬರೆಯುತ್ತಿದ್ದ ಹಳೇ ಮೋಡಿ ಲಿಪಿಯ ಕಾಗದಗಳು ಬರುತ್ತವೆ. ಓದಲು ಬಾರದಿದ್ದರೂ ಸ್ಕ್ಯಾನ್ ಮಾಡಿ. ಪೋಸ್ಟ್‌ಕಾರ್ಡ್ ಗಾತ್ರದ ಫೋಟೊಗೆ 600 ಡಿಪಿಐ, ದೊಡ್ಡದಕ್ಕೆ 300 ಸಾಕು. ಅಂಟಿಸಿದ ಫೋಟೊವನ್ನು ಆಲ್ಬಮ್ಮಿನಿಂದ ಕೀಳಬೇಡಿ, ಪುಟ ಸಮೇತ ಮಲಗಿಸಿ. ಹಿಂಬದಿ ಬರೆಯಬೇಕಿದ್ದರೆ ಮೆತ್ತನೆ ಪೆನ್ಸಿಲ್. ಬಾಲ್‌ಪೆನ್ನಿನ ಒತ್ತು ಮುಖದ ಮೇಲೆ ಏಳುತ್ತದೆ.

ಮೂಲವನ್ನು ಒಂದು ರಾತ್ರಿಗೂ ಇಟ್ಟುಕೊಳ್ಳಬೇಡಿ, ಅಲ್ಲೇ ಕೈಗೆ ಕೊಡಿ. ಚಿತ್ರದಲ್ಲಿ ಯಾರಿದ್ದಾರೆ, ಯಾವ ಓಣಿ, ಯಾವ ಮದುವೆ ಎಂಬುದನ್ನು ತಂದವರ ಬಾಯಿಂದಲೇ ಕೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಬೇರೆಯವರಿಗೆ ತೋರಿಸಬಹುದೇ ಎಂಬುದಕ್ಕೆ ಒಂದು ಚೀಟಿಯಲ್ಲಿ ಸಹಿ ಪಡೆಯಿರಿ. ‘ಮನೆಯವರಿಗೆ ಮಾತ್ರ’ ಎಂದು ಬರೆದವರ ಚಿತ್ರ ಎಲ್ಲೂ ಹಾಕಬೇಡಿ. ಆ ವಾರದೊಳಗೆ ಪ್ರತಿಯೊಬ್ಬರಿಗೂ ಅವರ ಚಿತ್ರದ ಒಂದು ಮುದ್ರಿತ ಪ್ರತಿಯನ್ನು ಮನೆಗೆ ಮುಟ್ಟಿಸಿ. ಉಸ್ತಾದರ ಹಣವನ್ನು ಮಾತ್ರ ವಾರದವರೆಗೆ ಇಟ್ಟುಕೊಳ್ಳಬೇಡಿ, ಕೊನೆಯ ತಂಡ ಹೊರಬಂದ ತಕ್ಷಣ ಲಕೋಟೆಯಲ್ಲಿ ಕೊಟ್ಟುಬಿಡಿ.